ಸ್ಥಳೀಯ ಸಂಸ್ಥೆ ನೌಕರರ ಪಿಂಚಣಿ ಲೆಕ್ಕ: ಎಲ್ಲಿ ತಪ್ಪುತ್ತೆ, ಹೇಗೆ ಕೇಳಬೇಕು? (ಪದೇ ಪದೇ ಕೇಳುವ ಪ್ರಶ್ನೆಗಳು)

ನಮ್ಮಪ್ಪ ಒಂದು ಸಣ್ಣ ಊರಿನ ಪುರಸಭೆಯಲ್ಲಿ ವಾಲ್ವ್‌ಮನ್ ಆಗಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬೀದಿ ಬೀದಿಗೆ ನೀರು ಬಿಡುವ ಕೆಲಸ. ನಿವೃತ್ತಿಯಾದಾಗ ಅವರ ಸೇವೆಯಲ್ಲಿ ಮೂರು ವರ್ಷ ಕಾಣೆಯಾಗಿತ್ತು. ಕೆಲಸ ಮಾಡಿದ್ದರು, ಸಂಬಳ ತಗೊಂಡಿದ್ದರು, ಆದರೆ ಲೆಕ್ಕದಲ್ಲಿ ಮಾತ್ರ ಇರಲಿಲ್ಲ. ಆ ಮೂರು ವರ್ಷ ಹುಡುಕಲು ನಾನು ಹದಿನಾಲ್ಕು ತಿಂಗಳು ಓಡಾಡಿದೆ. ಆ ಓಡಾಟದಲ್ಲಿ ಕಲಿತದ್ದನ್ನು ಕೇಳಿಕೊಂಡು ಈಗಲೂ ಜನ ಬರುತ್ತಾರೆ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಇದು ಮುಖ್ಯವಾಗಿ ಕರ್ನಾಟಕದ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ, ಮಹಾನಗರ ಪಾಲಿಕೆ ಮತ್ತು ಪಂಚಾಯತ್ ರಾಜ್ ಸಂಸ್ಥೆಗಳಲ್ಲಿ ದುಡಿದವರಿಗೆ.

ಪಿಂಚಣಿ ಲೆಕ್ಕ ಹಾಕೋದು ಹೇಗೆ?

ಹಳೆ ಪಿಂಚಣಿ ವ್ಯವಸ್ಥೆಯಲ್ಲಿರುವವರಿಗೆ, ಅಂದರೆ ಮುಖ್ಯವಾಗಿ 2006ರ ಏಪ್ರಿಲ್ 1ಕ್ಕೂ ಮುಂಚೆ ಸೇರಿದವರಿಗೆ, ಲೆಕ್ಕ ಕಷ್ಟವೇನಲ್ಲ. ಎರಡೇ ಸಂಖ್ಯೆ ಬೇಕು. ಒಂದು, ಕೊನೆಯ ಮೂಲ ವೇತನ. ಇನ್ನೊಂದು, ಅರ್ಹತಾದಾಯಕ ಸೇವೆ, ಅಂದರೆ ಪಿಂಚಣಿಗೆ ಲೆಕ್ಕಕ್ಕೆ ಬರುವ ಸೇವೆ. ಸೇವೆಯನ್ನು ವರ್ಷದಲ್ಲಿ ಅಲ್ಲ, ಅರ್ಧ ವರ್ಷಗಳಲ್ಲಿ ಎಣಿಸುತ್ತಾರೆ. ಕೊನೆಯಲ್ಲಿ ಉಳಿಯುವ ಅವಧಿ ಮೂರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದೂ ಒಂದು ಅರ್ಧ ವರ್ಷ.

ಪೂರ್ತಿ ಸೇವೆ ಇದ್ದವರಿಗೆ ಕೊನೆಯ ಮೂಲ ವೇತನದ ಅರ್ಧ ಪಿಂಚಣಿ. ಮೊದಲು ಪೂರ್ತಿ ಸೇವೆ ಅಂದರೆ 33 ವರ್ಷ. 6ನೇ ರಾಜ್ಯ ವೇತನ ಆಯೋಗದ ಶಿಫಾರಸಿನ ನಂತರ ಅದು 30 ವರ್ಷಕ್ಕೆ ಇಳಿಯಿತು. ಕನಿಷ್ಠ 10 ವರ್ಷ ಇರಲೇಬೇಕು.

ಒಂದು ಉದಾಹರಣೆ ನೋಡಿ. ಕೊನೆಯ ಮೂಲ ವೇತನ 54,000 ರೂಪಾಯಿ, ಸೇವೆ 27 ವರ್ಷ 4 ತಿಂಗಳು. 27 ವರ್ಷಕ್ಕೆ 54 ಅರ್ಧ ವರ್ಷ, ಮಿಕ್ಕ 4 ತಿಂಗಳಿಗೆ ಇನ್ನೊಂದು, ಒಟ್ಟು 55. 54,000ದ ಅರ್ಧ 27,000. ಅದನ್ನು 55ರಿಂದ ಗುಣಿಸಿ 60ರಿಂದ ಭಾಗಿಸಿ. ಬರುವುದು 24,750 ರೂಪಾಯಿ. ಇದೇ ನೌಕರರಿಗೆ ಹಳೆಯ 33 ವರ್ಷದ ಲೆಕ್ಕ ಹಾಕಿದರೆ 66ರಿಂದ ಭಾಗಿಸಬೇಕು, ಆಗ 22,500 ಮಾತ್ರ. ನಿಮ್ಮ ಲೆಕ್ಕದ ಹಾಳೆಯಲ್ಲಿ ಕೆಳಗೆ 66 ಇದೆಯೋ 60 ಇದೆಯೋ ಅಂತ ಮೊದಲು ನೋಡಿ.

ಈಗ ಇದೇ ನೌಕರರ ನಾಲ್ಕು ವರ್ಷದ ಸೇವೆ ಬಿಟ್ಟುಹೋಗಿದೆ ಅಂದುಕೊಳ್ಳಿ. 55ರ ಜಾಗದಲ್ಲಿ 47. ಪಿಂಚಣಿ 21,150 ಆಗುತ್ತೆ. ತಿಂಗಳಿಗೆ 3,600 ರೂಪಾಯಿ ನಷ್ಟ. ಇದರ ಮೇಲೆ ಸಿಗಬೇಕಾದ ತುಟ್ಟಿಭತ್ಯೆಯೂ ಹೋಯಿತು. ಅವರು ತೀರಿಕೊಳ್ಳುವವರೆಗೂ ಪ್ರತಿ ತಿಂಗಳು ಹೀಗೇ.

ಹಾಗಾದರೆ ತಕರಾರು ಎಲ್ಲಿ ಹುಟ್ಟುತ್ತೆ?

ಸೇವಾ ವಹಿಯಲ್ಲಿ, ಅಂದರೆ ನೌಕರರ ಸೇವೆಯ ವಿವರವನ್ನೆಲ್ಲ ಬರೆದಿಡುವ ಕಚೇರಿ ಪುಸ್ತಕದಲ್ಲಿ. ನಾನು ನೋಡಿದ ಹತ್ತು ತಕರಾರಲ್ಲಿ ಎಂಟು ಅಲ್ಲಿಂದಲೇ ಶುರುವಾದವು. ಭಾಗಾಕಾರದಲ್ಲಿ ತಪ್ಪುವವರು ಕಡಿಮೆ. ಭಾಗಾಕಾರಕ್ಕೆ ಕೊಡುವ ಸಂಖ್ಯೆಯೇ ತಪ್ಪಿರುತ್ತದೆ.

ಅಪ್ಪನ ಸೇವಾ ವಹಿ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಖಾಕಿ ರಟ್ಟು, ಬೆನ್ನಿಗೆ ಬಟ್ಟೆಯ ಪಟ್ಟಿ, ಒಳಗೆ ಹಳದಿಗಟ್ಟಿದ ಹಾಳೆ. ಪ್ರತಿ ವರ್ಷವೂ "ಸೇವೆಯನ್ನು ವೇತನ ಬಿಲ್ಲುಗಳೊಂದಿಗೆ ಪರಿಶೀಲಿಸಲಾಗಿದೆ" ಅಂತ ಬರೆದು ಅಧಿಕಾರಿ ಸಹಿ ಹಾಕಬೇಕು. ಮೂರು ವರ್ಷದ ಸಾಲುಗಳಲ್ಲಿ ಬರಹ ಇತ್ತು, ಸೀಲೂ ಇತ್ತು, ಸಹಿ ಇರಲಿಲ್ಲ. ಸಹಿ ಇಲ್ಲದ ಸಾಲು ಇಲ್ಲದ ಹಾಗೇ ಅಂತ ಆಕ್ಷೇಪಣೆ ಬಂತು.

ಆಗ ಒಬ್ಬ ಹಿರಿಯ ಗುಮಾಸ್ತರು ಹೇಳಿದರು, "ಸೇವಾ ವಹಿ ಹೋದ್ರೆ ಹೋಗ್ಲಿ, ಬಟವಾಡೆ ವಹಿ ಹುಡುಕು." ರೆಕಾರ್ಡ್ ರೂಮಿನಲ್ಲಿ ಕೆಂಪು ಬಟ್ಟೆಯ ಗಂಟುಗಳಲ್ಲಿ ಹಳೆಯ ಸಂಬಳದ ಬಟವಾಡೆ ಪುಸ್ತಕಗಳಿದ್ದವು. ನಾಲ್ಕು ದಿನ ಧೂಳಲ್ಲಿ ಕೂತು ಹುಡುಕಿದೆ. ಸಿಕ್ಕವು. ಪ್ರತಿ ತಿಂಗಳು ಅಪ್ಪನ ಹೆಸರಿನ ಮುಂದೆ ನೇರಳೆ ಶಾಯಿಯಲ್ಲಿ ಅವರ ಸಹಿ. ಒಂದೇ ಒಂದು ತಿಂಗಳು ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಇತ್ತು. ಆ ತಿಂಗಳು ವಾಲ್ವ್‌ನ ಕೀಲಿ ಜಾರಿ ಅಪ್ಪನ ಬಲಗೈ ಬೆರಳು ಜಜ್ಜಿಹೋಗಿತ್ತು. ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ಎಡಗೈಯ ಹೆಬ್ಬೆಟ್ಟು ಒತ್ತಿದ್ದರು. ಆ ಪುಸ್ತಕಗಳ ಆಧಾರದ ಮೇಲೆಯೇ ಮೂರು ವರ್ಷ ಮತ್ತೆ ಸೇರಿತು.

ಸೇವಾ ವಹಿಯಲ್ಲಿ ಸಾಮಾನ್ಯವಾಗಿ ಸಿಗುವ ಬೇರೆ ತೊಂದರೆಗಳೂ ಇವೆ. ವರ್ಗಾವಣೆಯ ನಡುವೆ ನಾಲ್ಕಾರು ದಿನದ ಲೆಕ್ಕ ಸಿಗದಿರುವುದು. ಅಮಾನತ್ತಿನ ಅವಧಿಯನ್ನು ಹೇಗೆ ಪರಿಗಣಿಸಬೇಕು ಅಂತ ಕೊನೆಗೂ ಆದೇಶ ಆಗದೇ ಇರುವುದು. ಸಂಬಳರಹಿತ ರಜೆಗೆ ಕಾರಣ ಬರೆಯದೇ ಬಿಟ್ಟಿರುವುದು. ಕಾರಣ ಏನು ಅನ್ನುವುದರ ಮೇಲೆ ಆ ರಜೆ ಪಿಂಚಣಿಗೆ ಸೇರುತ್ತೋ ಇಲ್ಲವೋ ನಿರ್ಧಾರ ಆಗುತ್ತದೆ. ಹಾಗಾಗಿ ವೈದ್ಯಕೀಯ ಕಾರಣ ಇದ್ದರೆ ಆ ಪ್ರಮಾಣಪತ್ರದ ಪ್ರತಿ ಇಟ್ಟುಕೊಂಡಿರಲೇಬೇಕು.

ಕೊನೆಯ ಮೂಲ ವೇತನವೇ ಕಡಿಮೆ ಅನ್ನಿಸುತ್ತಿದೆ. ಯಾವುದನ್ನು ಪರಿಶೀಲಿಸಬೇಕು?

ಒಂದೇ ಹುದ್ದೆಯಲ್ಲಿ ಬಡ್ತಿ ಸಿಗದೇ ವರ್ಷಾನುಗಟ್ಟಲೆ ಇದ್ದವರಿಗೆ 10 ವರ್ಷಕ್ಕೆ ಕಾಲಬದ್ಧ ವೇತನ ಬಡ್ತಿ, 15 ವರ್ಷಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ, 20 ವರ್ಷಕ್ಕೆ ಹೆಚ್ಚುವರಿ ವೇತನ ಬಡ್ತಿ ಇದೆ. ಆಮೇಲೆ 25 ಮತ್ತು 30 ವರ್ಷಕ್ಕೂ ಸೇರಿಸಿದರು. ಸಣ್ಣ ಊರಿನ ಕಚೇರಿಗಳಲ್ಲಿ ಇವು ತಾನಾಗೇ ಆಗುತ್ತವೆ ಅಂತ ನಂಬಬೇಡಿ. ಹೆಸರಲ್ಲಿ "ಸ್ವಯಂಚಾಲಿತ" ಅಂತಿದ್ದರೂ ಆದೇಶ ಯಾರಾದರೂ ಹೊರಡಿಸಲೇಬೇಕು. 15ನೇ ವರ್ಷದ್ದು ತಪ್ಪಿದರೆ ಅದರ ಮೇಲೆ ನಿಂತ ಎಲ್ಲ ವೇತನ ನಿಗದಿಯೂ ತಪ್ಪು.

ಜೂನ್ 30ಕ್ಕೆ ನಿವೃತ್ತಿ. ಜುಲೈ 1ರ ಇಂಕ್ರಿಮೆಂಟ್ ಸಿಗುತ್ತಾ?

ಇದು ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ವಿಷಯ. ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ನೌಕರರು ಕೇಳಿದ್ದು ಸರಳವಾದ ಪ್ರಶ್ನೆ. ವರ್ಷಪೂರ್ತಿ ದುಡಿದು ಇಂಕ್ರಿಮೆಂಟ್ ಗಳಿಸಿದ್ದೇವೆ. ಅದು ಕೈಗೆ ಬರುವ ದಿನ ನಾವು ಸೇವೆಯಲ್ಲಿಲ್ಲ. ಅಷ್ಟಕ್ಕೇ ಅದು ಹೋಗಬೇಕಾ? 2023ರ ಏಪ್ರಿಲ್ 11ರಂದು ಸುಪ್ರೀಂ ಕೋರ್ಟ್ ನೌಕರರ ಪರ ತೀರ್ಪು ಕೊಟ್ಟಿತು. ಹಿಂದಿನ ಒಂದು ವರ್ಷದ ಒಳ್ಳೆಯ ಸೇವೆಗೆ ಸಿಗುವುದು ಇಂಕ್ರಿಮೆಂಟ್, ಮರುದಿನ ನಿವೃತ್ತರಾದರು ಅನ್ನುವ ಕಾರಣಕ್ಕೆ ಅದನ್ನು ಕಿತ್ತುಕೊಳ್ಳುವಂತಿಲ್ಲ ಅನ್ನುವುದು ಅದರ ತಿರುಳು.

ಆಮೇಲೆ ಕೇಂದ್ರ ನೌಕರರ ಪ್ರಕರಣದಲ್ಲಿ ಬಾಕಿ ಎಲ್ಲಿಂದ ಅನ್ನುವುದನ್ನೂ ಕೋರ್ಟ್ ಸ್ಪಷ್ಟಪಡಿಸಿತು. ಕೋರ್ಟಿಗೆ ಹೋಗದೇ ಇದ್ದವರಿಗೆ ಹೆಚ್ಚಿದ ಪಿಂಚಣಿ 2023ರ ಮೇ 1ರಿಂದ ಮಾತ್ರ, ಅದಕ್ಕೂ ಹಿಂದಿನ ಬಾಕಿ ಇಲ್ಲ. 1,200 ರೂಪಾಯಿಯ ಇಂಕ್ರಿಮೆಂಟ್ ಅಂದರೆ ಪೂರ್ತಿ ಸೇವೆ ಇದ್ದವರಿಗೆ ತಿಂಗಳಿಗೆ 600 ರೂಪಾಯಿ ಪಿಂಚಣಿ, ಮೇಲೆ ತುಟ್ಟಿಭತ್ಯೆ. ಸಣ್ಣದು ಅಂತ ಬಿಡಬೇಡಿ. ನಿಮ್ಮ ಸಂಸ್ಥೆಗೆ ತೀರ್ಪಿನ ಪ್ರತಿ ಇಟ್ಟು ಬರವಣಿಗೆಯಲ್ಲಿ ಕೇಳಿ.

2022ರ ಜುಲೈ 1ರಿಂದ 2024ರ ಜುಲೈ 31ರ ನಡುವೆ ನಿವೃತ್ತರಾದವರ ತಕರಾರು ಏನು?

7ನೇ ರಾಜ್ಯ ವೇತನ ಆಯೋಗದ ವೇತನ ಶ್ರೇಣಿಯನ್ನು ಸರ್ಕಾರ ಕಾಗದದ ಮೇಲೆ 2022ರ ಜುಲೈ 1ರಿಂದ ಅನ್ವಯ ಮಾಡಿತು. ಹಣ ಮಾತ್ರ 2024ರ ಆಗಸ್ಟ್ 1ರಿಂದ. ಮೂಲ ವೇತನಕ್ಕೆ 31% ತುಟ್ಟಿಭತ್ಯೆ ಮತ್ತು 27.5% ಫಿಟ್‌ಮೆಂಟ್ (ಪರಿಷ್ಕರಣೆಯ ಹೆಚ್ಚಳ) ಸೇರಿಸಿದರು. 10,000 ಇದ್ದದ್ದು 15,850 ಆಗುವ ಲೆಕ್ಕ. ಕನಿಷ್ಠ ಪಿಂಚಣಿ 8,500ರಿಂದ 13,500ಕ್ಕೆ ಏರಿತು.

ನಡುವಿನ ಆ 25 ತಿಂಗಳಲ್ಲಿ ನಿವೃತ್ತರಾದವರಿಗೆ ತಿಂಗಳ ಪಿಂಚಣಿ ಹೊಸ ವೇತನದ ಮೇಲೆ ಪರಿಷ್ಕರಣೆ ಆಯಿತು. ಆದರೆ ಗ್ರಾಚ್ಯುಟಿ (ಸೇವೆಗಾಗಿ ನಿವೃತ್ತಿಯಲ್ಲಿ ಕೊಡುವ ಇಡಿಗಂಟು), ಕಮ್ಯುಟೇಶನ್ (ಪಿಂಚಣಿಯ ಒಂದು ಭಾಗವನ್ನು ಮೊದಲೇ ಒಟ್ಟಿಗೆ ಪಡೆಯುವುದು), ಗಳಿಕೆ ರಜೆ ನಗದೀಕರಣ, ಈ ಮೂರೂ ಹಳೆಯ ವೇತನದ ಮೇಲೇ ಉಳಿದವು. ಈ ಮೂರೂ ಜೀವನದಲ್ಲಿ ಒಂದೇ ಸಲ ಸಿಗುವ ಹಣ. ವೇತನ ಪರಿಷ್ಕರಣೆಯಾದ ದಿನ ಸೇವೆಯಲ್ಲಿದ್ದರು, ಹೊಸ ವೇತನ ಅವರದ್ದೇ ಅಂತ ಸರ್ಕಾರವೇ ಒಪ್ಪಿದೆ. ಆದರೂ ಗ್ರಾಚ್ಯುಟಿಗೆ ಮಾತ್ರ ಆ ವೇತನ ಲೆಕ್ಕಕ್ಕಿಲ್ಲ ಅನ್ನುವುದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಈ ಬೇಡಿಕೆ ಇಟ್ಟುಕೊಂಡು ನಿವೃತ್ತರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ನೀವು ಈ ಗುಂಪಿನವರಾಗಿದ್ದರೆ ಕನಿಷ್ಠ ಒಂದು ಮನವಿಯಾದರೂ ಕೊಟ್ಟು ಸ್ವೀಕೃತಿ ಇಟ್ಟುಕೊಂಡಿರಿ.

ದಿನಗೂಲಿಯಾಗಿ ಹದಿನೈದು ವರ್ಷ ದುಡಿದೆ. ಅದು ಪಿಂಚಣಿಗೆ ಸೇರುತ್ತಾ?

ಇದು ಎಲ್ಲಕ್ಕಿಂತ ನೋವಿನ ಪ್ರಶ್ನೆ. ಸಾಮಾನ್ಯ ನಿಯಮದಲ್ಲಿ ಸೇರುವುದಿಲ್ಲ. ಕಾಯಂ ಆದ ದಿನದಿಂದಲೇ ಎಣಿಕೆ.

ದಿನಗೂಲಿ ವಿಷಯದ ದೊಡ್ಡ ತೀರ್ಪೂ ಕರ್ನಾಟಕದ್ದೇ. ಸುಪ್ರೀಂ ಕೋರ್ಟಿನ 2006ರ ಏಪ್ರಿಲ್ 10ರ ಉಮಾದೇವಿ ತೀರ್ಪು. ಹಿಂಬಾಗಿಲ ನೇಮಕಾತಿಗೆ ಅದು ತಡೆ ಹಾಕಿತು. ಹಾಗೇ, ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷಕ್ಕಿಂತ ಜಾಸ್ತಿ ದುಡಿದವರನ್ನು ಒಂದು ಸಲಕ್ಕೆ ಸಕ್ರಮ ಮಾಡಿ ಅಂತಲೂ ಹೇಳಿತು. ಕಚೇರಿಗಳು ಮೊದಲರ್ಧ ಮಾತ್ರ ಓದುತ್ತವೆ. 2019ರಲ್ಲಿ ಉತ್ತರ ಪ್ರದೇಶದ ವರ್ಕ್‌ಚಾರ್ಜ್ ನೌಕರರ (ನಿರ್ದಿಷ್ಟ ಕಾಮಗಾರಿಯ ಖರ್ಚಿನಲ್ಲಿ ಸಂಬಳ ಪಡೆಯುವವರ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಯಂ ಆಗುವ ಮುಂಚಿನ ವರ್ಕ್‌ಚಾರ್ಜ್ ಸೇವೆಯನ್ನೂ ಪಿಂಚಣಿಗೆ ಸೇರಿಸಿ ಅಂತ ಹೇಳಿದೆ. ಅದು ಆ ರಾಜ್ಯದ ನಿಯಮದ ಮೇಲೆ ಬಂದ ತೀರ್ಪು. ಇಲ್ಲಿ ಹಾಗೇ ಎತ್ತಿಟ್ಟುಕೊಳ್ಳಲು ಆಗದು. ವಾದ ಮಾಡಲು ಮಾತ್ರ ಬರುತ್ತದೆ.

ಪೌರಕಾರ್ಮಿಕರ ಸ್ಥಿತಿ ಯೋಚಿಸಿ. 2022ರಲ್ಲಿ 11,133 ಪೌರಕಾರ್ಮಿಕರ ಹುದ್ದೆಗಳಿಗೆ ವಿಶೇಷ ನೇಮಕಾತಿಗೆ ಸರ್ಕಾರ ಒಪ್ಪಿತು. 2025ರ ಮೇ 1ರಂದು ಬೆಂಗಳೂರಲ್ಲಿ ನೇಮಕಾತಿ ಪತ್ರ ಹಂಚಿದರು. ಇದು ದೊಡ್ಡ ಹೆಜ್ಜೆ, ಅನುಮಾನವೇ ಇಲ್ಲ. ಆದರೆ ಇಪ್ಪತ್ತೈದು ವರ್ಷ ಗುತ್ತಿಗೆಯಲ್ಲಿ ಪೊರಕೆ ಹಿಡಿದು ಐವತ್ತೆರಡನೇ ವಯಸ್ಸಿಗೆ ಕಾಯಂ ಆದ ಹೆಂಗಸಿಗೆ ಉಳಿಯುವುದು ಎಂಟು ವರ್ಷ. ಅವರು ಎನ್‌ಪಿಎಸ್ ಅಡಿ, ಅಂದರೆ ವಂತಿಗೆ ಕಟ್ಟುವ ಹೊಸ ಪಿಂಚಣಿ ಯೋಜನೆಯಡಿ ಬರುತ್ತಾರೆ. ಎಂಟು ವರ್ಷದ ವಂತಿಗೆಯಿಂದ ಎಷ್ಟು ಪಿಂಚಣಿ ಬಂದೀತು, ನೀವೇ ಹೇಳಿ.

ಹಾಗಾದರೆ ಅವರಿಗೆ ಏನೂ ಸಿಗಲ್ವಾ?

ಗ್ರಾಚ್ಯುಟಿ ಸಿಗಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ, ಸ್ವಲ್ಪ ನಿಧಾನವಾಗಿ ಓದಿ.

1972ರ ಗ್ರಾಚ್ಯುಟಿ ಪಾವತಿ ಕಾಯ್ದೆ ಖಾಸಗಿ ಕಾರ್ಖಾನೆಗಳಿಗೆ ಮಾತ್ರ ಅಂತ ಸ್ಥಳೀಯ ಸಂಸ್ಥೆಗಳು ಹೇಳಿಕೊಂಡು ಬಂದವು. ಅದು ಸರಿಯಲ್ಲ. 1982ರ ಜನವರಿ 8ರ ಅಧಿಸೂಚನೆಯಿಂದ ಸ್ಥಳೀಯ ಸಂಸ್ಥೆಗಳೂ ಅದರೊಳಗೆ ಬಂದಿವೆ. ದೆಹಲಿ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ 1998ರಲ್ಲಿ, ಕಾನ್ಪುರ ನಗರ ನಿಗಮದ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಪಿಂಚಣಿ ನಿಯಮ ಬೇರೆ ಇದೆ ಅನ್ನುವ ಕಾರಣಕ್ಕೆ ಪಾಲಿಕೆ ನೌಕರರು ಈ ಕಾಯ್ದೆಯಿಂದ ಹೊರಗಾಗುವುದಿಲ್ಲ. ರಾಜ್ಯ ಸರ್ಕಾರದ ಹುದ್ದೆಯಲ್ಲಿದ್ದು, ಸರ್ಕಾರಿ ನಿಯಮದ ಗ್ರಾಚ್ಯುಟಿ ಪಡೆಯುವವರಿಗೆ ಮಾತ್ರ ಇದು ಅನ್ವಯಿಸದು.

ಲೆಕ್ಕ ಹೀಗೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಿ. 26,000 ರೂಪಾಯಿ, 20 ವರ್ಷ ಅಂದರೆ 15,000 ಗುಣಿಸು 20, ಅಂದರೆ 3 ಲಕ್ಷ. 26ರಿಂದ ಭಾಗಿಸುವುದು ಮುಖ್ಯ. ಕಚೇರಿಯಲ್ಲಿ 30ರಿಂದ ಭಾಗಿಸಿದ್ದರೆ ಇದೇ 3 ಲಕ್ಷ 2 ಲಕ್ಷ 60 ಸಾವಿರಕ್ಕೆ ಇಳಿಯುತ್ತದೆ. ಮೂವತ್ತು ದಿನದೊಳಗೆ ಕೊಡದಿದ್ದರೆ ಬಡ್ಡಿಯನ್ನೂ ಕೇಳಬಹುದು. ಕೇಳುವುದು ಕಾರ್ಮಿಕ ಇಲಾಖೆಯ ನಿಯಂತ್ರಣ ಪ್ರಾಧಿಕಾರದ ಮುಂದೆ. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅದಕ್ಕೂ ಮುಂಚೆ ನಿವೃತ್ತರಾದವರು ಹಳೆ ಕಾಯ್ದೆಯ ಹೆಸರಲ್ಲೇ ಕೇಳಬೇಕು.

ಬಿಲ್ ಕಲೆಕ್ಟರ್ ಆಗಿದ್ದು ಆಮೇಲೆ ಪಂಚಾಯಿತಿ ಕಾರ್ಯದರ್ಶಿ ಆದವರಿಗೆ?

ಬಿಲ್ ಕಲೆಕ್ಟರ್, ನೀರುಗಂಟಿ, ಜವಾನ, ಇವರು ಗ್ರಾಮ ಪಂಚಾಯಿತಿಯದೇ ನೌಕರರು, ಸರ್ಕಾರಿ ನೌಕರರಲ್ಲ. ಹಾಗಾಗಿ ಕಾರ್ಯದರ್ಶಿಯಾದ ದಿನದಿಂದ ಮಾತ್ರ ಸರ್ಕಾರಿ ಸೇವೆ ಅಂತ ಲೆಕ್ಕ. ಹಿಂದಿನ ವರ್ಷಗಳಿಗೆ ಗ್ರಾಚ್ಯುಟಿ ಕೇಳಿ.

2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ತಕರಾರು ಬೇರೆಯಾ?

ಹೌದು. ಅವರು ಎನ್‌ಪಿಎಸ್ ಅಡಿ ಇದ್ದಾರೆ. ಅಲ್ಲಿ ಕೊನೆಯ ವೇತನದ ಅರ್ಧ ಅನ್ನುವ ಲೆಕ್ಕವೇ ಇಲ್ಲ. ನೌಕರರದ್ದು 10%, ಸರ್ಕಾರದ್ದು 14%. ಅದು ಬೆಳೆದಷ್ಟು. ನಿವೃತ್ತಿಯಲ್ಲಿ 60% ವರೆಗೆ ಕೈಗೆ, ಉಳಿದ 40% ಪಿಂಚಣಿಗೆ.

ಇಲ್ಲಿ ತಕರಾರು ಅಂದರೆ ಕಟ್ಟದೇ ಬಿಟ್ಟ ತಿಂಗಳುಗಳು. ಸಂಬಳದಿಂದ ಹಣ ಹಿಡಿದಿರುತ್ತಾರೆ, ಪ್ರಾನ್ ಖಾತೆಗೆ (ನೌಕರರ ಹೆಸರಿನ ಎನ್‌ಪಿಎಸ್ ಖಾತೆಗೆ) ಹೋಗಿರುವುದಿಲ್ಲ. ಅಥವಾ ನೌಕರರ ಪಾಲು ಹೋಗಿರುತ್ತೆ, ಸಂಸ್ಥೆಯ ಪಾಲು ಹೋಗಿರುವುದಿಲ್ಲ. ವರ್ಷಕ್ಕೊಮ್ಮೆ ಸ್ಟೇಟ್‌ಮೆಂಟ್ ತೆಗೆದು ಸಂಬಳದ ಚೀಟಿಯ ಪಕ್ಕ ಇಟ್ಟು ಸಾಲು ಸಾಲಾಗಿ ನೋಡಿ. ತಡವಾಗಿ ಕಟ್ಟಿದರೆ ಆ ಹಣ ಬೆಳೆಯಬೇಕಿದ್ದ ಅವಧಿಯೂ ಹೋಗುತ್ತದೆ, ಅದನ್ನೂ ಕೇಳಿ.

ಇನ್ನೊಂದು ಗುಂಪಿದೆ. ಅಧಿಸೂಚನೆ 2006ರ ಏಪ್ರಿಲ್‌ಗೆ ಮುಂಚೆ, ಕೆಲಸಕ್ಕೆ ಸೇರಿದ್ದು ಆಮೇಲೆ. ಇಂಥ ಸುಮಾರು 13,000 ಸರ್ಕಾರಿ ನೌಕರರನ್ನು ಹಳೆ ಪಿಂಚಣಿಗೆ ತರಲು ಸರ್ಕಾರ 2024ರ ಜನವರಿಯಲ್ಲಿ ಆದೇಶ ಮಾಡಿತು. ಇಲ್ಲಿ ನೇಮಕಾತಿ ಅಧಿಸೂಚನೆಯ ದಿನಾಂಕವೇ ನಿಮ್ಮ ಆಸ್ತಿ. ಆ ಕಾಗದ ಹುಡುಕಿಟ್ಟುಕೊಳ್ಳಿ.

"ನಿಮಗೆ ಜಾಸ್ತಿ ಸಂಬಳ ಕೊಟ್ಟಿದ್ದೇವೆ, ಗ್ರಾಚ್ಯುಟಿಯಲ್ಲಿ ಹಿಡಿಯುತ್ತೇವೆ" ಅಂದರೆ?

ಗಾಬರಿ ಆಗಬೇಡಿ. ಸುಪ್ರೀಂ ಕೋರ್ಟಿನ 2014ರ ಡಿಸೆಂಬರ್ 18ರ ರಫೀಕ್ ಮಸೀಹ್ ತೀರ್ಪು ಇದಕ್ಕೇ ಇದೆ. ಸಿ ಮತ್ತು ಡಿ ಗುಂಪಿನ ನೌಕರರಿಂದ, ನಿವೃತ್ತರಾದವರಿಂದ ಅಥವಾ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ಹಣ ವಾಪಸ್ ಹಿಡಿಯುವಂತಿಲ್ಲ. ಐದು ವರ್ಷಕ್ಕಿಂತ ಜಾಸ್ತಿ ಕಾಲ ಕೊಟ್ಟುಕೊಂಡು ಬಂದ ಹಣವನ್ನೂ ಹಿಡಿಯುವಂತಿಲ್ಲ. ತಪ್ಪು ಕಚೇರಿಯದ್ದಾಗಿರಬೇಕು, ನೀವು ಸುಳ್ಳು ಹೇಳಿ ಪಡೆದಿರಬಾರದು.

ಎರಡು ಎಚ್ಚರಿಕೆ. ವೇತನ ನಿಗದಿಯ ವೇಳೆ "ಹೆಚ್ಚು ಪಾವತಿಯಾದರೆ ವಾಪಸ್ ಕೊಡುತ್ತೇನೆ" ಅಂತ ಮುಚ್ಚಳಿಕೆ ಬರೆದುಕೊಟ್ಟಿದ್ದರೆ ಅದನ್ನು ನಿಮ್ಮ ವಿರುದ್ಧ ಎತ್ತಬಹುದು. 2016ರಲ್ಲಿ ಅಂಥ ಮುಚ್ಚಳಿಕೆ ಕೊಟ್ಟ ನ್ಯಾಯಾಂಗ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ವಸೂಲಿಯನ್ನು ಕೋರ್ಟ್ ಒಪ್ಪಿದೆ. ಎರಡನೆಯದು, ಹಿಂದಿನ ಹಣ ಹಿಡಿಯಬಾರದು ಅಂದಮಾತ್ರಕ್ಕೆ ತಪ್ಪು ವೇತನದ ಮೇಲೇ ಪಿಂಚಣಿ ಕೊಡಬೇಕು ಅಂತಲ್ಲ. ಮುಂದಿನ ಲೆಕ್ಕ ಸರಿ ಮಾಡಿಕೊಳ್ಳುವ ಅಧಿಕಾರ ಅವರಿಗಿದೆ.

ಸಂಸ್ಥೆ ಪಿಂಚಣಿ ವಂತಿಗೆ ಕಟ್ಟಿಲ್ಲ ಅಂತ ನನ್ನ ಕಡತ ನಿಲ್ಲಿಸಿದ್ದಾರೆ. ಸರಿಯಾ?

ವಂತಿಗೆ ಕಟ್ಟುವುದು ಸಂಸ್ಥೆಯ ಕರ್ತವ್ಯ. ನಿಮ್ಮ ಕೈಯಲ್ಲಿ ಇಲ್ಲದ ವಿಷಯಕ್ಕೆ ನಿಮ್ಮ ಪಿಂಚಣಿ ನಿಲ್ಲಿಸುವುದು ತಪ್ಪು. ಪಿಂಚಣಿ ಯಾರೋ ಕೊಡುವ ಭಿಕ್ಷೆಯಲ್ಲ, ದುಡಿದವರ ಹಕ್ಕು ಅಂತ ಸುಪ್ರೀಂ ಕೋರ್ಟಿನ 1982ರ ಡಿಸೆಂಬರ್ 17ರ ನಾಕರಾ ತೀರ್ಪಿನಲ್ಲೇ ಇದೆ. ಡಿಸೆಂಬರ್ 17ನ್ನು ಪಿಂಚಣಿದಾರರ ದಿನ ಅಂತ ಆಚರಿಸುವುದೂ ಅದಕ್ಕೇ. ಮನವಿಯಲ್ಲಿ ಇಷ್ಟು ಬರೆಯಿರಿ: ವಂತಿಗೆಯ ವಿಷಯವನ್ನು ಸಂಸ್ಥೆಯೊಂದಿಗೆ ಬಗೆಹರಿಸಿಕೊಳ್ಳಿ, ಅಲ್ಲಿಯವರೆಗೆ ತಾತ್ಕಾಲಿಕ ಪಿಂಚಣಿ ಕೊಡಿ.

ನನ್ನ ಮೇಲೆ ಇಲಾಖಾ ವಿಚಾರಣೆ ಬಾಕಿ ಇದೆ.

ತಾತ್ಕಾಲಿಕ ಪಿಂಚಣಿ ಸಿಗುತ್ತೆ. ಗ್ರಾಚ್ಯುಟಿ ವಿಚಾರಣೆ ಮುಗಿಯುವವರೆಗೆ ನಿಲ್ಲುತ್ತೆ. ನಿವೃತ್ತಿಯ ನಂತರ ಹೊಸದಾಗಿ ವಿಚಾರಣೆ ಶುರು ಮಾಡಬೇಕಾದರೆ ಅದು ನಾಲ್ಕು ವರ್ಷಕ್ಕಿಂತ ಹಿಂದಿನ ಘಟನೆಯಾಗಿರಬಾರದು. ಕರ್ನಾಟಕ ನಾಗರಿಕ ಸೇವಾ ನಿಯಮಗಳ 214ನೇ ನಿಯಮ ನೋಡಿ.

ಪುರಸಭೆ ಸದಸ್ಯರಿಗೆ, ಪಂಚಾಯಿತಿ ಅಧ್ಯಕ್ಷರಿಗೆ ಪಿಂಚಣಿ ಉಂಟಾ?

ಇಲ್ಲ. ಅವರಿಗೆ ಅಧಿಕಾರದಲ್ಲಿದ್ದಾಗ ಗೌರವಧನ ಮಾತ್ರ.

ತಪ್ಪು ಗೊತ್ತಾಗಿದ್ದು ಎಂಟು ವರ್ಷದ ಮೇಲೆ. ಈಗ ಕೇಳಬಹುದಾ?

ಕೇಳಬಹುದು. ಪಿಂಚಣಿ ಕಡಿಮೆ ಬರುವುದು ಪ್ರತಿ ತಿಂಗಳೂ ಹೊಸದಾಗಿ ಆಗುವ ಅನ್ಯಾಯ ಅಂತ ಕೋರ್ಟುಗಳು ನೋಡುತ್ತವೆ. ಆದರೆ ಬಾಕಿಯನ್ನು ಸಾಮಾನ್ಯವಾಗಿ ಅರ್ಜಿ ಹಾಕುವ ಹಿಂದಿನ ಮೂರು ವರ್ಷಕ್ಕೆ ಸೀಮಿತ ಮಾಡುತ್ತವೆ. ಹಾಗಾಗಿ ತಡ ಮಾಡಿದಷ್ಟೂ ತಿಂಗಳು ತಿಂಗಳು ಹಣ ಕರಗುತ್ತೆ.

ಮೊದಲು ಸಂಸ್ಥೆಗೆ ಮನವಿ, ಅದರ ಪ್ರತಿ ಪಿಂಚಣಿ ಮಂಜೂರು ಮಾಡಿದ ಕಚೇರಿಗೆ. ನಿಮ್ಮ ಹುದ್ದೆಗೆ ತಕ್ಕಂತೆ ಅದು ಮಹಾಲೇಖಪಾಲರ ಕಚೇರಿ ಇರಬಹುದು, ಸ್ಥಳೀಯ ಲೆಕ್ಕ ಪರಿಶೋಧನೆಯವರಿರಬಹುದು. ಲೆಕ್ಕದ ಹಾಳೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಸರ್ಕಾರಿ ಹುದ್ದೆಯವರು ಆಡಳಿತ ನ್ಯಾಯಮಂಡಳಿಗೆ, ಸಂಸ್ಥೆಯದೇ ನೌಕರರು ಹೈಕೋರ್ಟಿಗೆ ಹೋಗುತ್ತಾರೆ. ಯಾವುದು ನಿಮ್ಮದು ಅಂತ ನೇಮಕಾತಿ ಆದೇಶ ಹಿಡಿದುಕೊಂಡು ಹೋಗಿ ವಕೀಲರನ್ನು ಕೇಳಿ.

ನಿವೃತ್ತಿಗೆ ಇನ್ನೂ ಐದು ವರ್ಷ ಇದೆ. ಈಗ ಏನು ಮಾಡಲಿ?

ಒಂದು ಮಧ್ಯಾಹ್ನ ರಜೆ ಹಾಕಿ, ಸಿಬ್ಬಂದಿ ಶಾಖೆಯಲ್ಲಿ ನಿಮ್ಮ ಸೇವಾ ವಹಿ ಕೇಳಿ ತಗೊಂಡು ಕೂತುಕೊಳ್ಳಿ. ಮೊದಲ ಪುಟದಲ್ಲಿ ಹುಟ್ಟಿದ ದಿನಾಂಕ, ಹೆಸರಿನ ಕಾಗುಣಿತ ನೋಡಿ. ಅದು ಆಧಾರ್, ಪಾನ್, ಬ್ಯಾಂಕ್ ಪುಸ್ತಕಕ್ಕೆ ಹೊಂದಬೇಕು. ಹೆಂಡತಿ ಅಥವಾ ಗಂಡನ ಹೆಸರು ಕುಟುಂಬದ ವಿವರದಲ್ಲಿ ಇದೆಯಾ ನೋಡಿ, ಕುಟುಂಬ ಪಿಂಚಣಿ ಅದರ ಮೇಲೆಯೇ ನಿಂತಿರುತ್ತೆ. ಆಮೇಲೆ ಪ್ರತಿ ವರ್ಷದ ಪರಿಶೀಲನೆಯ ಸಾಲಿನ ಕೊನೆಗೆ ಬೆರಳಿಟ್ಟುಕೊಂಡು ಹೋಗಿ. ಸಹಿ ಇಲ್ಲದ ಸಾಲು ಸಿಕ್ಕರೆ ಆ ವರ್ಷ ಬರೆದುಕೊಳ್ಳಿ. ಆ ವರ್ಷದ ಬಟವಾಡೆ ಪುಸ್ತಕ ಇನ್ನೂ ಗೆದ್ದಲು ತಿನ್ನದೇ ಉಳಿದಿರುವಾಗಲೇ ಅದರ ದೃಢೀಕೃತ ಪ್ರತಿ ಕೇಳಿ ಅರ್ಜಿ ಕೊಟ್ಟು, ಸ್ವೀಕೃತಿಯ ಮೇಲೆ ಸೀಲು ಮತ್ತು ದಿನಾಂಕ ಎರಡೂ ಹಾಕಿಸಿಕೊಳ್ಳಿ.